ಹೊಗೆ ವಾಲಿದ ಕಡೆ

ಬನ್ನಿಮಂಟಪದ ಹಿಂದಿನ ಗ್ಯಾರೇಜಿನಲ್ಲಿ, ಬುಧವಾರ,
ಬಾನೆಟ್ ಎತ್ತಿದರೆ ಯಾರೋ ಅರ್ಧ ತಿಂದು ಬಿಟ್ಟ ಶಾವಿಗೆ:
ಕರಿ ರಬ್ಬರು, ನೀಲಿ ಸಿಲಿಕೋನು,
ಒಂದು ಕಡೆ ಮೀನಿನ ತೊಟ್ಟಿಯ ಬಿಳಿ ಪೈಪು ಕೂಡ.
ಎಲ್ಲಕ್ಕೂ ಮೂಲ ಒಂದೇ ಹಿತ್ತಾಳೆ ಟೀ,
ಒಂದು ನಲ್ಲಿಗೆ ಇಡೀ ವಠಾರದ ಬಿಂದಿಗೆ ಸಾಲುಗಟ್ಟಿದ ಹಾಗೆ.

ಕಾರು ಹೂಟಗಳ್ಳಿಯ ಲೇತ್ ಶಾಪಿನ ಪ್ರಸನ್ನವದನರದು.
ಟರ್ಬೊ ತಾವೇ ಕೂರಿಸಿದ್ದಂತೆ, ಎರಡು ಭಾನುವಾರದಲ್ಲಿ.
"ನಿಂತಾಗ ನಡುಗುತ್ತೆ. ರಿಂಗ್ ರೋಡಲ್ಲಿ ತುಳಿದ್ರೆ
ಮುಳ್ಳು ಅರ್ಧಕ್ಕೆ ಏರಿ ಹಾಗೇ ಕೂತ್ಕೊಳುತ್ತೆ."
ಹೇಳುವಾಗ ಸ್ವರ ತಗ್ಗಿತ್ತು,
ಮಗ ಫೇಲಾದದ್ದನ್ನು ನೆಂಟರಿಗೆ ಹೇಳುವವರಂತೆ.

ಅಮೀರ್‌ಜಾನ್ ಉಸ್ತಾದರಿಗೆ ಈಗ ಕಣ್ಣು ಮಂಜು.
ಸ್ಟೂಲಿನ ಮೇಲೆ ಕೂತು ಕಿವಿಯಲ್ಲೇ ನೋಡುತ್ತಾರೆ.
"ಸಾಕಮ್ಮನ ಮಗಳೇ, ಮೊದಲು ಇದನ್ನ ತಿಳಕೊ.
ಥ್ರಾಟಲ್ಲಿನ ಆಚೆ ಮನೆಯಲ್ಲಿ
ಹೀರುವುದೂ ಅದೇ ಬಾಯಿ, ಊದುವುದೂ ಅದೇ ಬಾಯಿ.
ಕಾಲೆತ್ತಿದರೆ ಹಸಿವು, ಒತ್ತಿದರೆ ತೇಗು.
ಹಸಿವಿಗೆ ಚಪ್ಪಟೆಯಾಗದ,
ತೇಗಿಗೆ ಕಳಚಿಕೊಳ್ಳದ ಪೈಪು ಹಾಕು."

ಎಲ್ಲ ಬಿಚ್ಚಿದೆ.
ಬ್ರೇಕಿನ ಬೂಸ್ಟರಿಗೆ ದಪ್ಪ ಪೈಪು, ನಡುವೆ ಒಮ್ಮುಖದ ಕವಾಟ:
ಹೀರಲು ಬಿಡುತ್ತದೆ, ಊದಲು ಬಿಡುವುದಿಲ್ಲ,
ಗುಟ್ಟು ಕೇಳಿಸಿಕೊಂಡು ಯಾರಿಗೂ ಹೇಳದ ಚಿಕ್ಕಮ್ಮನ ಹಾಗೆ.
ಬಾಣದ ಗುರುತು ಎಂಜಿನ್ನಿನ ಕಡೆಗೆ. ಎರಡು ಸಲ ನೋಡಿದೆ.
ವೇಸ್ಟ್‌ಗೇಟಿಗೆ ಕಂಪ್ರೆಸರಿನ ಮೂತಿಯಿಂದಲೇ ದಾರಿ,
ಗೇಣುದ್ದ, ಕವಲಿಲ್ಲ, ಯಾರೊಂದಿಗೂ ಪಾಲಿಲ್ಲ.
ಅದಕ್ಕೆ ಸುದ್ದಿ ತಡವಾದರೆ ಪಿಸ್ಟನ್ನಿಗೆ ತಿಥಿ.
ಬ್ಲೋ-ಆಫ್ ವಾಲ್ವಿಗೆ ಬೇರೆಯೇ ಮೂಗು.
ಮೀಟರಿನ ಮುಳ್ಳಿಗೆ ನಾಲ್ಕು ಎಂಎಂ,
ತಗಡಿನ ಗೋಡೆಯ ತೂತಿಗೆ ಮೊದಲು ರಬ್ಬರಿನ ಬಳೆ ತೊಡಿಸಿ.
ಎಕ್ಸಾಸ್ಟು ಕೆಂಪಗೆ ಕಾಯುವ ಕಡೆಯಿಂದ ಅಂಗೈಯಗಲ ದೂರ.
ತಿರುವಿನಲ್ಲಿ ಸ್ವಲ್ಪ ಸಡಿಲ,
ಜಡೆ ಹೆಣೆಯುವಾಗ ಅಮ್ಮ ನನ್ನ ಕಿವಿಯ ಹತ್ತಿರ ಬಿಡುತ್ತಿದ್ದಷ್ಟು.

ಆ ಹಿತ್ತಾಳೆ ಟೀ ಮಾತ್ರ ಎಸೆಯಲಿಲ್ಲ.
ಅವರೇ ಲೇತಿನಲ್ಲಿ ಕಡೆದದ್ದು, ಹೊಟ್ಟೆಯ ಮೇಲೆ ಸಣ್ಣಗೆ "ಪ್ರ" ಎಂದು ಕೊರೆದದ್ದು.
ಮೀಟರಿಗೂ ಸೆನ್ಸರಿಗೂ ಕವಲಾಗಿ ಅದನ್ನೇ ಇಟ್ಟೆ.

ಸ್ಟಾರ್ಟ್ ಮಾಡಿದರೆ ಮತ್ತೆ ನಡುಕ.
ಎಲ್ಲೋ ಒಂದು ಸ್‌ಸ್‌ಸ್.
ಉಸ್ತಾದರು ಕತ್ತು ಓರೆ ಮಾಡಿ "ಬಲಕ್ಕೆ" ಎಂದರು,
ಆಮೇಲೆ "ಇಲ್ಲ, ಒಳಕ್ಕೆ" ಎಂದರು, ಆಮೇಲೆ ಸುಮ್ಮನಾದರು.

ನನ್ನ ಊಟದ ಚೀಲದಲ್ಲಿ ಅಮ್ಮ ಹೊಸೆದ ಕಡ್ಡಿಗಳಿದ್ದವು,
ಕ್ಯಾತಮಾರನಹಳ್ಳಿಯ ಹಜಾರದಲ್ಲಿ ಮಣೆಯ ಮುಂದೆ ಕೂತು
ಸಾವಿರಕ್ಕೆ ಇಷ್ಟೆಂದು ಹೊಸೆದವು,
ಸೊಟ್ಟಗಿವೆಯೆಂದು ಕಂಟ್ರಾಕ್ಟರು ವಾಪಸು ಕೊಟ್ಟವು.
ಇನ್ನೂ ಸೆಂಟಿನಲ್ಲಿ ಅದ್ದಿಲ್ಲ.
ದೇವರ ಮುಂದಿಡಲಿಕ್ಕೆ ಬಾರದು,
ಇದ್ದಿಲಿನ ಹೊಗೆಯೊಂದೇ.

ಫ್ಯಾನಿನ ವೈರು ಕಳಚಿ ಒಂದನ್ನು ಹಚ್ಚಿದೆ.
"ಪೆಟ್ರೋಲ್ ಲೈನಿನ ಹತ್ತಿರ ಸುಳಿಯಬೇಡ!"
ಬ್ರೇಕಿನ ಪೈಪಿನ ಮೇಲೆ ಹೊಗೆ ನೆಟ್ಟಗೆ ಏರಿತು.
ವಾಲ್ವಿನ ಮೇಲೂ ನೆಟ್ಟಗೆ.
ಟೀ-ಯ ಹತ್ತಿರ ಒಮ್ಮೆ ತಡೆಯಿತು,
ವಾಲಿತು,
ಕೂದಲೆಳೆಯ ಬಿರುಕಿನೊಳಗೆ ತಲೆ ತಗ್ಗಿಸಿ ಹೊಕ್ಕಿತು.
"ಪ್ರ"ದ ಒತ್ತಿನ ಕೆಳಗೇ.

ಹೇಗೆ ಹೇಳುವುದು?
ಅವರು ಟೀ ಅಂಗಡಿಯಿಂದ ಮೂರು ಲೋಟ ಹಿಡಿದು ಬರುತ್ತಿದ್ದರು.
ಉಸ್ತಾದರಿಗೆ ಕಾಣದಿದ್ದರೂ ಕಂಡಿತ್ತು:
"ಕಡ್ಡಿ ಅವರ ಕೈಗೇ ಕೊಡು."

ಕೊಟ್ಟೆ.
ಅವರು ಹಿಡಿದರು, ಹೊಗೆ ಮತ್ತೆ ವಾಲಿತು.
ಬಹಳ ಹೊತ್ತು ನೋಡಿದರು, ಬೆರಳು ಸುಡುವವರೆಗೆ.
ಎಂಜಿನ್ ಆರಿಸಿ ಟೀ ತಾವೇ ಬಿಚ್ಚಿ,
ಅಂಗಿಯಲ್ಲಿ ಒರೆಸಿ, ಜೇಬಿಗೆ ಹಾಕಿಕೊಂಡು
"ಅಂಗಡೀದು ಯಾವುದಾದ್ರೂ ಇದೆಯೇನಮ್ಮ?" ಎಂದರು.

ಹದಿನೈದು ರೂಪಾಯಿಯ ಪ್ಲಾಸ್ಟಿಕ್ಕು.
ನಡುಕ ನಿಂತಿತು.

ರಾತ್ರಿ ಅಮ್ಮ ನನ್ನ ಕೈ ನೋಡಿ
"ನಿಂದೂ ಕಪ್ಪು, ನಂದೂ ಕಪ್ಪು" ಎಂದು ನಕ್ಕಳು.
ಕಡ್ಡಿಯ ವಿಷಯ ಹೇಳಲಿಲ್ಲ, ಹೇಳಿದರೆ ನಾಳೆ ಕಟ್ಟುಗಟ್ಟಲೆ ಕೊಡುತ್ತಾಳೆ.
ಇನ್ನೂ ಏಳಿವೆ.
ಟೂಲ್ ಡಬ್ಬದಲ್ಲಿ, ಹತ್ತನೇ ನಂಬರಿನ ಸ್ಪ್ಯಾನರಿನ ಪಕ್ಕ.